ಐತೀರ್ಪು ಕೈಯಲ್ಲಿದೆ, ಹಣ ಎಲ್ಲಿ?

ಮಾಲು ಕೊಟ್ಟ 45 ದಿನಗಳೊಳಗೆ ಹಣ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಕಿರು ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಕೊಟ್ಟ ಮಾತು ಇದು. ತಕರಾರು ಎದ್ದರೆ ಮೊದಲು ಸಂಧಾನ, ಅದು ಫಲಿಸದಿದ್ದರೆ ಮಧ್ಯಸ್ಥಿಕೆ ನಡೆಸಿ ಐತೀರ್ಪು ಕೊಡಲು ಫೆಸಿಲಿಟೇಷನ್ ಕೌನ್ಸಿಲ್ ಇದೆ. ತಮಿಳುನಾಡಿನ ಪ್ರಾದೇಶಿಕ ಕೌನ್ಸಿಲ್‌ಗಳಲ್ಲಿ ಒಂದು ಕೊಯಮತ್ತೂರಿನಲ್ಲಿದೆ.

ಈ ಕಾಯ್ದೆಗೆ ಬಲ ಬಂದಿರುವುದು ಅದರ 19ನೇ ಕಲಮಿನಿಂದ. ಕೌನ್ಸಿಲಿನ ಐತೀರ್ಪನ್ನು ಪ್ರಶ್ನಿಸಬೇಕೆನ್ನುವ ಖರೀದಿದಾರ ಮೊದಲು ಅದರ ಶೇ 75ರಷ್ಟು ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬೇಕು. ಇದರಲ್ಲಿ ವಿನಾಯಿತಿ ಇಲ್ಲವೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಗುಡ್‌ಇಯರ್ ಪ್ರಕರಣದಲ್ಲಿ ಹೇಳಿದೆ. ಆ ಠೇವಣಿಯಲ್ಲಿ ಒಂದು ಭಾಗವನ್ನು, ಮೊಕದ್ದಮೆ ನಡೆಯುತ್ತಿರುವಾಗಲೇ, ಪೂರೈಕೆದಾರನಿಗೆ ಕೊಡಿಸುವ ಅವಕಾಶವೂ ಅದೇ ಕಲಮಿನಲ್ಲಿದೆ. ಆದ್ದರಿಂದಲೇ ಸೋತವರು ಬಳಸುದಾರಿ ಹುಡುಕುತ್ತಾರೆ: ಠೇವಣಿಯಿಲ್ಲದೆ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ. ಇಂಡಿಯಾ ಗ್ಲೈಕಾಲ್ಸ್ ಪ್ರಕರಣದಲ್ಲಿ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನು ಮುಚ್ಚಿತು. ಆದರೆ 2025ರ ಜನವರಿ 22ರಂದು, ತಮಿಳುನಾಡು ಸಿಮೆಂಟ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ, ರಿಟ್ ಯಾವಾಗಲೂ ನಿಷಿದ್ಧವೇ ಎಂಬ ಪ್ರಶ್ನೆಯನ್ನು ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಸಂಧಾನ ಮಾಡಿದ ಕೌನ್ಸಿಲ್ಲೇ ಮುಂದೆ ಮಧ್ಯಸ್ಥಿಕೆಗೂ ಕೂರಬಹುದೇ ಎಂಬುದು ಅಲ್ಲಿನ ಇನ್ನೊಂದು ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ಸಂಧಾನಕ್ಕೆ ಒಬ್ಬರನ್ನು, ಮಧ್ಯಸ್ಥಿಕೆಗೆ ಬೇರೊಬ್ಬರನ್ನು ಕೂರಿಸಿ ಅದನ್ನು ಬಗೆಹರಿಸಲಿ; ಠೇವಣಿಯನ್ನು ಸಡಿಲಿಸುವುದು ಅದಕ್ಕೆ ಪರಿಹಾರವಲ್ಲ.

ನಮ್ಮನ್ನು ಹೆಚ್ಚು ಕಾಡುವವನು ಕೌನ್ಸಿಲಿನ ಬಾಗಿಲಿಗೇ ಬರಲಾಗದವನು. ಒಂದು ಕಟ್ಟಡಕ್ಕೆ ಕಂಬಿ ತಯಾರಿಸಿ ಮಾರಿದ ಸಣ್ಣ ಉದ್ಯಮಿ ಕೌನ್ಸಿಲಿಗೆ ಹೋಗಬಹುದು. ಅದೇ ಕಂಬಿ ಕಟ್ಟಿ, ಸೆಂಟ್ರಿಂಗ್ ಹೊಡೆದು, ಕಾಂಕ್ರೀಟ್ ಹಾಕಿಕೊಟ್ಟ ಉಪಗುತ್ತಿಗೆದಾರ ಹೋದರೆ, ‘ನಿನ್ನದು ಕಾಮಗಾರಿ ಗುತ್ತಿಗೆ, ಸರಕೂ ಸೇವೆಯೂ ಬೆರೆತದ್ದು, ಈ ಕಾಯ್ದೆಗೆ ಸೇರದು’ ಎಂಬ ತಕರಾರು ಎದುರಾಗುತ್ತದೆ. ಬಾಂಬೆ ಹೈಕೋರ್ಟ್ ಸೇರಿ ಕೆಲವು ಹೈಕೋರ್ಟುಗಳು ಈ ವಾದವನ್ನು ಒಪ್ಪಿವೆ. ಶನಿವಾರ ಬಂತೆಂದರೆ ಆಳುಗಳಿಗೆ ಬಟವಾಡೆ ಮಾಡಲೇಬೇಕಾದವನು ಅವನು. ಕೈಯಲ್ಲಿ ದಾಸ್ತಾನಿಲ್ಲ, ಅಡ ಇಡಲು ಯಂತ್ರವಿಲ್ಲ. ಮಾಡಿದ ಕೆಲಸವೆಲ್ಲ ಬೇರೆಯವರ ಜಾಗದಲ್ಲಿ ಗಟ್ಟಿಯಾಗಿ ನಿಂತಿದೆ. ರಕ್ಷಣೆ ಎಲ್ಲರಿಗಿಂತ ಮೊದಲು ಬೇಕಾದವನನ್ನೇ ಹೊರಗಿಡುವುದು ಅನ್ಯಾಯ.

ದೊಡ್ಡ ಗುತ್ತಿಗೆದಾರರ ಸಂಕಟಕ್ಕೆ ಕೇಂದ್ರ ಸಂಪುಟ 2016ರಲ್ಲಿ ಓಗೊಟ್ಟಿತು. ಸರ್ಕಾರಿ ಸಂಸ್ಥೆ ಐತೀರ್ಪನ್ನು ಪ್ರಶ್ನಿಸಿದರೂ ಶೇ 75ರಷ್ಟು ಹಣವನ್ನು ಬ್ಯಾಂಕ್ ಗ್ಯಾರಂಟಿಯ ಮೇಲೆ ಗುತ್ತಿಗೆದಾರನಿಗೆ ಕೊಡಬೇಕೆಂದಿತು. ಒಳ್ಳೆಯದೇ. ಆದರೆ ಸೆಂಟ್ರಿಂಗ್ ಗುತ್ತಿಗೆದಾರನಿಗೆ ಗ್ಯಾರಂಟಿ ಕೊಡುವ ಬ್ಯಾಂಕ್ ಯಾವುದು?

ಬ್ರಿಟನ್ ತನ್ನ ಕಟ್ಟಡ ಉದ್ಯಮಕ್ಕೆ 1996ರಲ್ಲಿ ಬೇರೆಯದೇ ಕಾನೂನು ಮಾಡಿತು. ತಕರಾರು ಒಪ್ಪಿಸಿದ 28 ದಿನಗಳಲ್ಲಿ ನಿರ್ಣಯ ಬರಬೇಕು, ಹಣ ಕಟ್ಟಬೇಕು, ವಾದವಿದ್ದರೆ ಆಮೇಲೆ ಮುಂದುವರಿಸಬೇಕು. ಸಿಂಗಪುರ, ಮಲೇಷ್ಯಾಗಳೂ ಇಂಥ ಕಾನೂನು ಮಾಡಿಕೊಂಡಿವೆ. ನಮ್ಮಲ್ಲಿ ಕಟ್ಟಡ ಕೆಲಸಕ್ಕೆಂದೇ ಅಂಥ ಕೇಂದ್ರ ಕಾಯ್ದೆ ಇಲ್ಲ.

ಸಂಸತ್ತು 2006ರ ಕಾಯ್ದೆಗೆ ಒಂದು ಸಾಲಿನ ವಿವರಣೆ ಸೇರಿಸಿ ಕಾಮಗಾರಿ ಗುತ್ತಿಗೆಯನ್ನೂ ಒಳಗೆ ತರಬೇಕು. ಅಲ್ಲಿಯವರೆಗೆ ರಾಜ್ಯಗಳು ಕೈಕಟ್ಟಿ ಕೂರಬೇಕಿಲ್ಲ. ಉಪಗುತ್ತಿಗೆದಾರರಿಗೆ 45 ದಿನಗಳೊಳಗೆ ಪಾವತಿ, ತಕರಾರಾದರೆ ತಿಂಗಳೊಳಗೆ ನಿರ್ಣಯ, ಪ್ರಶ್ನಿಸುವ ಮುನ್ನ ಮುಕ್ಕಾಲು ಪಾಲು ಹಣ: ಈ ಷರತ್ತುಗಳನ್ನು ತಮಿಳುನಾಡು ಸರ್ಕಾರ ತನ್ನ ಟೆಂಡರ್ ಕರಾರುಗಳಲ್ಲೇ ಬರೆಯಬಹುದು. ಬಾಕಿ ಬಿಲ್ಲುಗಳ ಬಗ್ಗೆ ಗುತ್ತಿಗೆದಾರರ ಸಂಘದ ದೂರು ವರ್ಷಗಳಿಂದ ಕೇಳುತ್ತಿರುವ ಕರ್ನಾಟಕ ಸರ್ಕಾರವೂ ಬರೆಯಬಹುದು; ಮುಂದಿನ ಟೆಂಡರಿನಿಂದಲೇ.