ಮೀನಿಗೊಂದು ಹೆಸರು

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಮುಂದೆ ಕಾವೇರಿಯನ್ನು ಕೂಡುತ್ತದೆ. ಆದುದರಿಂದ ಕಾವೇರಿಯ ಮೀನಿನ ಸಂಗತಿ ತುಮಕೂರು ಸೀಮೆಯವರಿಗೆ ಪರರ ಸಂಗತಿಯಲ್ಲ. ಅಂಥ ಒಂದು ಮೀನಿನ ವೃತ್ತಾಂತವನ್ನು ಇಲ್ಲಿಯ ವಿದ್ಯಾರ್ಥಿಗಳ, ಉಪಾಧ್ಯಾಯರ ಮುಂದಿಡಬೇಕೆಂದು ನನಗೆ ತೋರಿದೆ.

ಕಾವೇರಿಯ ಗೂನುಬೆನ್ನಿನ ಮಹಸೀರ್ ಮೀನನ್ನು ಗಾಳಗಾರರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡು ಬೆರಗಾಗಿದ್ದರು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ ಮಹಸೀರ್ 120 ಪೌಂಡು ತೂಗಿತು. ಇಷ್ಟು ಪ್ರಸಿದ್ಧವಾದ ಮೀನಿಗೆ ಶಾಸ್ತ್ರಸಮ್ಮತವಾದ ಹೆಸರು ಮಾತ್ರ ನಿಶ್ಚಯವಾಗಿರಲಿಲ್ಲ. ಕಾರಣ ಸ್ಪಷ್ಟ. ಮಹಸೀರ್ ಜಾತಿಗಳು ನೋಟಕ್ಕೆ ಒಂದನ್ನೊಂದು ಹೋಲುತ್ತವೆ. ಒಂದೇ ಜಾತಿಯಲ್ಲಿಯೂ ವಯಸ್ಸು, ನೀರು ಬದಲಾದಂತೆ ಬಣ್ಣ, ತುಟಿ, ಮೈಕಟ್ಟು ಬದಲಾಗುತ್ತವೆ.

ಹೆಸರಿಲ್ಲದುದರ ಫಲ ಬರಿಯ ಪುಸ್ತಕದ ಕೊರತೆಯಾಗಿ ಉಳಿಯಲಿಲ್ಲ. ಪುಣೆಯ ಬಳಿಯ ಮುಳಾ-ಮುಠಾ ನದಿಯಿಂದ 1839ರಲ್ಲಿ ಸೈಕ್ಸ್ ವರ್ಣಿಸಿದ ನೀಲಿ ರೆಕ್ಕೆಯ ಮಹಸೀರ್ 'ಟಾರ್ ಖುದ್ರೀ' ಬೇರೆಯೇ ಜಾತಿ. ಲೋನಾವಳದಲ್ಲಿ ಬೆಳೆಸಿದ ಅದರ ಮರಿಗಳನ್ನು ಸಂರಕ್ಷಣೆಯ ಸದುದ್ದೇಶದಿಂದಲೇ ಕಾವೇರಿಗೆ ಬಿಟ್ಟರು. ಲೆಕ್ಕದಲ್ಲಿ ಮಹಸೀರ್ ಹೆಚ್ಚಿತು. ಕಾವೇರಿಯ ಸ್ವಂತದ ಮಹಸೀರ್ ಕುಗ್ಗಿತು. ಎರಡಕ್ಕೂ ಒಂದೇ ಹೆಸರಾದುದರಿಂದ ಈ ನಷ್ಟ ಬಹುಕಾಲ ಕಣ್ಣಿಗೆ ಬೀಳಲಿಲ್ಲ.

2018ರಲ್ಲಿ ಸಂಶೋಧಕರು ಮೋಯಾರ್ ನದಿಯ ಗೂನುಬೆನ್ನಿನ ಮೀನುಗಳ ಅಂಗರಚನೆಯನ್ನೂ ಜೀನುಗಳನ್ನೂ ಪರೀಕ್ಷಿಸಿದರು. ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವರ್ಣಿತವಾಗಿದ್ದ 'ಟಾರ್ ರೇಮದೇವಿಯೈ' ಜಾತಿಯೇ ಇದೆಂದು ಗೊತ್ತಾಯಿತು. ಮತ್ಸ್ಯಶಾಸ್ತ್ರಜ್ಞೆ ಕೆ. ರೇಮಾದೇವಿಯವರ ಗೌರವಾರ್ಥ ಇಟ್ಟ ಹೆಸರು ಅದು. ಪಾಂಬಾರ್ ಪೂರ್ವಕ್ಕೆ ಹರಿದು ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುವ ಹೊಳೆ. ಅದೇ ವರ್ಷ ಈ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಹೆಸರು ದೊರೆತ ಮೇಲೆಯೇ ರಕ್ಷಣೆಯ ಮಾತಿಗೆ ಆಧಾರ ದೊರೆಯಿತು.

ಜೀನಿನಿಂದ ಜಾತಿಯನ್ನು ಗುರುತಿಸುವ ಒಂದು ಕ್ರಮವನ್ನು ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಮುಂದಿಟ್ಟರು. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಒಂದು ಜೀನಿನ ಸುಮಾರು 650 ಅಕ್ಷರಗಳನ್ನು ಓದಿ, ಹೆಸರು ಖಚಿತವಾದ ಮೀನುಗಳ ಅಕ್ಷರಗಳೊಡನೆ ಹೋಲಿಸುವುದು ಅದರ ತಿರುಳು. ಇದಕ್ಕೂ ಮಿತಿಯುಂಟು. ಈ ಜೀನು ತಾಯಿಯಿಂದ ಮಾತ್ರ ಬರುತ್ತದೆ. ಗಂಗೆಯ ಸೀಮೆಯಿಂದ ನಮ್ಮ ಕೆರೆಗಳಿಗೆ ಬಂದ ಕಾಟ್ಲಾ ಮತ್ತು ರೋಹು ಬೆರೆತು ಹುಟ್ಟಿದ ಮರಿಯನ್ನು ಅದೊಂದರಿಂದಲೇ ನೋಡಿದರೆ ತಾಯಿಯ ಜಾತಿಯೆಂದೇ ಎಣಿಸಬೇಕಾದೀತು. ಆದುದರಿಂದ ಹುರುಪೆಗಳನ್ನು ಎಣಿಸುವ ಹಳೆಯ ಕಣ್ಣನ್ನು ಹೊಸ ವಿದ್ಯೆಗಾಗಿ ಬಿಡತಕ್ಕದ್ದಲ್ಲ.

ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸ ದೊಡ್ಡ ಹಣವನ್ನು ಬೇಡುವುದಿಲ್ಲ. ಕಡಬದ ಕೆರೆಯಲ್ಲಿ, ಕುಣಿಗಲ್ಲಿನ ದೊಡ್ಡಕೆರೆಯಲ್ಲಿ, ಮಾರ್ಕೋನಹಳ್ಳಿಯಲ್ಲಿ ಬಲೆಗೆ ಬಿದ್ದ ಮೀನಿನ ಅಳತೆ, ಸ್ಥಳ, ದಿನ, ಬೆಸ್ತರು ಕರೆಯುವ ಹೆಸರು ಇವನ್ನು ಬರೆದಿಟ್ಟು, ರೆಕ್ಕೆಯ ಒಂದು ಚೂರನ್ನು ಮದ್ಯಸಾರದಲ್ಲಿ ಕಾಪಾಡಿದರೆ ಸಾಕು. ಜೀನನ್ನು ಓದುವ ಕೆಲಸ ಮುಂದೆ ಯಾವ ಪ್ರಯೋಗಶಾಲೆಯಲ್ಲಾದರೂ ಆದೀತು; ಇಂದು ಬಲೆಗೆ ಬಿದ್ದ ಮೀನಿನ ಗುರುತನ್ನು ಇಂದೇ ಇಡಬೇಕು. ಹೊರಗಿನ ಮರಿಗಳನ್ನು ಕೆರೆಗೆ ಬಿಡುವ ಮೊದಲು ಆ ಕೆರೆಯಲ್ಲಿ ಯಾವ ಮೀನಿದೆಯೆಂದು ಕೇಳುವವರಿಗೆ ಉತ್ತರ ಕೊಡಲು ನಮ್ಮ ಬಳಿ ಒಂದು ಪುಸ್ತಕವಾದರೂ ಇರಲಿ.