ಯಂತ್ರದ ಕಣ್ಣು, ಮನುಷ್ಯನ ಎಚ್ಚರ

ಚಳಿಗಾಲದ ಮುಂಜಾವಿನಲ್ಲಿ ನಮ್ಮ ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರಿನ ಮೇಲೆ ಮಂಜು ಕವಿದರೆ ಆಚೆಯ ದಂಡೆ ಕಾಣಿಸದು. ಆಗ ಮೀನು ಹಿಡಿಯುವವರು ತೆಪ್ಪವನ್ನು ಮೆಲ್ಲಗೆ ನಡೆಸುತ್ತ ನಡುನಡುವೆ ಕೂಗು ಹಾಕುತ್ತಾರೆ. ಮರುಕೂಗು ಬಂದರೆ ಆ ದಿಕ್ಕಿನಲ್ಲಿ ಇನ್ನೊಂದು ತೆಪ್ಪವಿದೆಯೆಂದು ತಿಳಿದು ಸರಿಯುತ್ತಾರೆ. ಸಮುದ್ರದ ಹಡಗುಗಳಲ್ಲಿರುವ ರಾಡಾರ್ ಯಂತ್ರವೂ ಒಂದು ಬಗೆಯ ಕೂಗೇ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ರೇಡಿಯೋ ಅಲೆಗಳನ್ನು ಅದು ಕಳುಹಿಸುತ್ತದೆ. ಅವು ಎದುರಿನ ವಸ್ತುವಿಗೆ ತಾಗಿ ಮರಳಲು ಹಿಡಿದ ಕಾಲದಿಂದ ದೂರವನ್ನು ತಿಳಿಸುತ್ತದೆ. ಮಂಜು ಈ ಅಲೆಗಳನ್ನು ತಡೆಯಲಾರದು.

ಇಂಥ ಕಣ್ಣು ದೊರೆತ ಮೇಲೆ ಡಿಕ್ಕಿಯ ಭಯವೆಲ್ಲಿ ಎನ್ನಬಹುದು. ಆದರೆ 1956ರ ಜುಲೈ 25ರ ರಾತ್ರಿ, ಅಮೆರಿಕದ ನಾಂಟಕೆಟ್ ದ್ವೀಪದ ಬಳಿ, ಇಟಲಿಯ ‘ಆಂಡ್ರಿಯಾ ಡೋರಿಯಾ’ ಮತ್ತು ಸ್ವೀಡನ್ನಿನ ‘ಸ್ಟಾಕ್‌ಹೋಮ್’ ಹಡಗುಗಳು ಡಿಕ್ಕಿ ಹೊಡೆದವು. ಎರಡರಲ್ಲಿಯೂ ರಾಡಾರ್ ಇತ್ತು. ಎರಡೂ ಒಂದನ್ನೊಂದು ಪರದೆಯ ಮೇಲೆ ಕಂಡಿದ್ದವು. ಆದರೂ ಡೋರಿಯಾ ಮಂಜಿನಲ್ಲಿ ವೇಗವನ್ನು ತಗ್ಗಿಸಿದ್ದು ಅತ್ಯಲ್ಪ. ಎದುರಿನ ಹಡಗಿನ ದಾರಿಯನ್ನು ಅದರ ಅಧಿಕಾರಿಗಳು ಗೆರೆ ಎಳೆದು ಲೆಕ್ಕ ಹಾಕಲಿಲ್ಲ. ಕೊನೆಗೆ ಡೋರಿಯಾ ಎಡಕ್ಕೂ ಸ್ಟಾಕ್‌ಹೋಮ್ ಬಲಕ್ಕೂ ತಿರುಗಿ, 51 ಜನ ಪ್ರಾಣ ತೆತ್ತರು. ಕಾಣದೆ ಕೆಟ್ಟವರಲ್ಲ, ಕಂಡು ಕೆಟ್ಟವರು!

1972ರ ಅಂತರರಾಷ್ಟ್ರೀಯ ನಿಯಮಗಳು ಇದನ್ನೇ ಎಚ್ಚರಿಸುತ್ತವೆ: ರಾಡಾರಿನ ಅರೆಬರೆ ಸುಳಿವನ್ನು ನಂಬಿ ತೀರ್ಮಾನಿಸಬಾರದು, ಕಣ್ಣು ಕಿವಿಗಳ ಕಾವಲು ತಪ್ಪಬಾರದು, ಮಂಜಿನಲ್ಲಿ ವೇಗವನ್ನು ಹತೋಟಿಯಲ್ಲಿಡಬೇಕು, ಸಾಗುತ್ತಿರುವ ಯಂತ್ರದ ಹಡಗು ಎರಡು ನಿಮಿಷ ಮೀರದಂತೆ ದೀರ್ಘವಾಗಿ ಸಿಳ್ಳು ಹಾಕುತ್ತಿರಬೇಕು.

ಇದು ದೂರದೇಶದ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2021ರ ಏಪ್ರಿಲ್‌ನಲ್ಲಿ ನಮ್ಮ ಮಂಗಳೂರಿನಾಚೆಯ ಸಮುದ್ರದಲ್ಲಿ, ಇರುಳಿನಲ್ಲಿ, ದೊಡ್ಡ ಸರಕು ಹಡಗೊಂದಕ್ಕೂ ಕೇರಳದ ಬೇಪೂರಿನ ಮೀನುದೋಣಿಯೊಂದಕ್ಕೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರೇ. ಅದರ ತಪ್ಪೊಪ್ಪುಗಳನ್ನು ತೂಗುವುದು ನನ್ನ ಉದ್ದೇಶವಲ್ಲ. ಆದರೆ ದೊಡ್ಡದಕ್ಕೂ ಚಿಕ್ಕದಕ್ಕೂ ಡಿಕ್ಕಿಯಾದಾಗ ಮುಳುಗುವುದು ಯಾರೆಂಬುದು ಸ್ಪಷ್ಟ. ಮರದ, ಫೈಬರಿನ ಸಣ್ಣ ದೋಣಿಗಳಿಂದ ರಾಡಾರಿನ ಅಲೆ ಕ್ಷೀಣವಾಗಿಯೇ ಮರಳುತ್ತದೆ. ತೆರೆಗಳ ಗೊಂದಲದಲ್ಲಿ ಅದು ಕಾಣದೆಯೂ ಹೋಗಬಹುದು. ಪರದೆ ಬರಿದಾಗಿದ್ದರೆ ಸಮುದ್ರವೂ ಬರಿದೆಂದು ತಿಳಿಯುವುದು ಅಪಾಯಕರ.

ವೇಗ ತಗ್ಗಿಸಿದರೆ ವ್ಯಾಪಾರಕ್ಕೆ ನಷ್ಟವೆನ್ನುವವರಿದ್ದಾರೆ. ಕೆಲವು ಗಂಟೆಗಳ ನಷ್ಟ ತುಂಬಿಬಂದೀತು. ಹೋದ ಜೀವ ಬಂದೀತೆ? ಲೋಹದ ತಗಡುಗಳನ್ನು ಮೂಲೆಯಾಗಿ ಜೋಡಿಸಿದ ಪ್ರತಿಫಲಕವನ್ನು ದೋಣಿಯ ಕಂಬಕ್ಕೆ ಕಟ್ಟಿದರೆ ಅದು ರಾಡಾರಿಗೆ ಚೆನ್ನಾಗಿ ಕಾಣುತ್ತದೆ. ಅದಕ್ಕೆ ವಿದ್ಯುತ್ತೂ ಬೇಡ. ಪ್ರತಿ ಬಡ ಮೀನುಗಾರನಿಗೂ ಸರಕಾರವೇ ಇದನ್ನು ಒದಗಿಸಬೇಕು. ರಾಡಾರ್ ಉಳ್ಳವನಿಗೆ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನಮ್ಮ ತೆಪ್ಪದವರು ಮರುಕೂಗು ಕೇಳಿದೊಡನೆ ಹುಟ್ಟು ತಡೆಯುತ್ತಾರೆ. ಹಡಗು ನಡೆಸುವವರಿಗೂ ಅಷ್ಟು ವಿವೇಕವಿರಲಿ.