ಗೋಡೆಯ ಮೇಲಿನ ಹಿರಿಯರು



ಮನೆಯೆಂಬುದು ಕಲ್ಲುಮಣ್ಣುಗಳ ಕಟ್ಟಡ ಮಾತ್ರವಾಗಿದ್ದರೆ ಅದನ್ನು ಬಿಟ್ಟು ಹೊರಡುವಾಗ ಯಾರ ಕಣ್ಣೂ ತೇವಗೊಳ್ಳುತ್ತಿರಲಿಲ್ಲ. ಹಿರಿಯರು ಬಾಳಿದ, ಮಕ್ಕಳು ಬೆಳೆದ, ಜಂಗಮರು ಪಾದವಿರಿಸಿದ ನೆಲೆಯಾದುದರಿಂದಲೇ ಅದಕ್ಕೆ ಮನೆಯೆಂಬ ಹೆಸರು ಸಾರ್ಥಕವಾಗುತ್ತದೆ. ಆ ಬಾಳುವೆಯ ಗುರುತುಗಳು ಒಂದಿಷ್ಟಾದರೂ ಪ್ರತಿಯೊಂದು ಕುಟುಂಬದಲ್ಲಿಯೂ ಉಳಿದಿರುತ್ತವೆ. ಅಜ್ಜನವರ ಒಂದೇ ಒಂದು ಭಾವಚಿತ್ರ, ಅಜ್ಜಿಯವರ ಧಾರೆ ಸೀರೆಯ ಸೆರಗು, ತಂದೆತಾಯಿಗಳ ಲಗ್ನಪತ್ರಿಕೆ, ಮಠದ ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದಾಗ ಗುರುಗಳೊಡನೆ ತೆಗೆಸಿಕೊಂಡ ಗುಂಪುಚಿತ್ರ, ಹೀಗೆ. ಪೇಟೆಯಲ್ಲಿ ಇವಕ್ಕೆ ಬೆಲೆಯಿಲ್ಲ. ಆದರೆ ಕಳೆದುಹೋದರೆ ಎಷ್ಟು ಹಣ ತೆತ್ತರೂ ಇವು ಮರಳಿ ದೊರೆಯುವುದಿಲ್ಲ. ಇಂತಹ ವಸ್ತುಗಳಿಗೆ ಚೌಕಟ್ಟು ಹಾಕಿಸಿ ಕಾಪಾಡುವ ಬಗೆಯನ್ನು ಕುರಿತು ಈ ತಿಂಗಳು ನಾಲ್ಕು ಮಾತು ಹೇಳಬಯಸುತ್ತೇನೆ.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದು ತಿಳಿಸಿಕೊಟ್ಟ ಶರಣರ ಹಾದಿಯಲ್ಲಿ ನಡೆಯುವವರಿಗೆ ಅಳಿದುಹೋಗುವ ಕಾಗದ, ಬಟ್ಟೆಗಳನ್ನು ಕಾದಿಡುವ ಹಂಬಲವೇಕೆ? ಭಾವಚಿತ್ರವನ್ನು ಇಷ್ಟಲಿಂಗದ ಸ್ಥಾನದಲ್ಲಿರಿಸಿ ಯಾರೂ ಪೂಜಿಸಬೇಕಾಗಿಲ್ಲ. ಅದು ಸ್ಮರಣೆಗೆ ಒಂದು ಸಾಧನ ಮಾತ್ರ. ಆದರೆ ಸಾಧನವನ್ನು ಕಡೆಗಣಿಸಿದವರಿಗೆ ಸಾಧ್ಯವೂ ದೂರವಾಗುತ್ತದೆ. ಇಂದಿನ ವಿಜಯಪುರದ ಡಾ. ಫ. ಗು. ಹಳಕಟ್ಟಿಯವರು (1880–1964) ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದಿದ್ದ ತಾಡವೋಲೆಯ ಕಟ್ಟುಗಳನ್ನು ಅರಸಿ ತಂದು, ಪರಿಶೀಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅವರ ಕೈಗೆ ಆ ಕಟ್ಟುಗಳು ದೊರೆತದ್ದು ಅಕ್ಷರಜ್ಞಾನವಿಲ್ಲದ ಎಷ್ಟೋ ಮನೆತನಗಳೂ ಅವನ್ನು ಬಟ್ಟೆಯಲ್ಲಿ ಸುತ್ತಿ, ಗೆದ್ದಲಿನಿಂದಲೂ ಮಳೆಯಿಂದಲೂ ಕಾಪಾಡಿಕೊಂಡು ಬಂದಿದ್ದುದರಿಂದ. ವಸ್ತು ಅಳಿದಿದ್ದರೆ ಅದರೊಳಗಿನ ವಾಣಿಯೂ ಅಳಿಯುತ್ತಿತ್ತು. ಕಾಪಾಡುವುದೂ ಒಂದು ಕಾಯಕವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗದು.

ಕಬ್ಬಾಳಿನ ಪಟವೂ ಮನೆಯ ಪಟವೂ

ಕನಕಪುರ ತಾಲ್ಲೂಕಿನ ಕಬ್ಬಾಳು, ಮುಗಿಲಿಗೆ ತಲೆಯೆತ್ತಿ ನಿಂತ ಬಂಡೆಗಲ್ಲಿನ ಬೆಟ್ಟದಿಂದಲೂ ಕಬ್ಬಾಳಮ್ಮನವರ ಗುಡಿಯಿಂದಲೂ ಪ್ರಸಿದ್ಧವಾದ ಕ್ಷೇತ್ರ. ಇಲ್ಲಿಗೆ ಬರುವ ಭಕ್ತರು ಹಿಂದಿರುಗುವಾಗ ಗಾಜು ಹಾಕಿದ ಅಮ್ಮನವರ ಪಟವೊಂದನ್ನು ಕೊಂಡೊಯ್ಯುವುದುಂಟು. ಅಚ್ಚಿನ ದೇವರ ಪಟಗಳು ಸಾಮಾನ್ಯರ ಮನೆಯ ಗೋಡೆಗೆ ಬಂದದ್ದು ಬಹಳ ಹಿಂದಿನ ಮಾತೇನೂ ಅಲ್ಲ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದ ಮೇಲೆ, ಅರಮನೆಗಳಲ್ಲಿ ಮಾತ್ರ ಕಾಣುತ್ತಿದ್ದ ಬಗೆಯ ಬಣ್ಣದ ಚಿತ್ರಗಳು ಕಡಿಮೆ ಬೆಲೆಗೆ ದೊರೆಯತೊಡಗಿದವು. ಅವುಗಳ ಜೊತೆಗೇ ಮರದ ಪಟ್ಟಿ, ಗಾಜು, ಹಿಂಬದಿಗೆ ರಟ್ಟು, ನಾಲ್ಕು ಮೊಳೆ, ಇಷ್ಟರಿಂದಾದ ಚೌಕಟ್ಟೂ ಊರೂರಿಗೆ ಬಂದಿತು.

ಅಚ್ಚಿನ ಪಟಕ್ಕೆ ಆ ಚೌಕಟ್ಟು ಸಾಕು. ಹತ್ತು ವರ್ಷಗಳಲ್ಲಿ ಬಣ್ಣ ಮಾಸಿದರೆ ಮುಂದಿನ ಜಾತ್ರೆಗೆ ಹೋದಾಗ ಇನ್ನೊಂದನ್ನು ತರಬಹುದು. ತೊಡಕು ಬಂದಿರುವುದು, ಜಗತ್ತಿನಲ್ಲಿ ಒಂದೇ ಒಂದು ಪ್ರತಿಯಿರುವ ಅಜ್ಜನ ಭಾವಚಿತ್ರಕ್ಕೂ ನಾವು ಅದೇ ಸಿದ್ಧ ಚೌಕಟ್ಟನ್ನು ತೊಡಿಸಿದ್ದರಿಂದ. ಚಿತ್ರ ದೊಡ್ಡದಾದರೆ ಅಂಚನ್ನು ಕತ್ತರಿಸುತ್ತೇವೆ. ಚಿಕ್ಕದಾದರೆ ರಟ್ಟಿಗೆ ಗೋಂದು ಬಳಿದು ಅಂಟಿಸುತ್ತೇವೆ. ಚೌಕಟ್ಟಿಗಾಗಿ ಚಿತ್ರವನ್ನು ಕತ್ತರಿಸುವುದು ಟೋಪಿಗಾಗಿ ತಲೆಯನ್ನು ಕೆತ್ತಿದಂತೆ.

ಕಬ್ಬಾಳದುರ್ಗವು ಹಿಂದೆ ಮೈಸೂರು ಸಂಸ್ಥಾನದ ಸೆರೆಮನೆಯಾಗಿತ್ತೆಂಬುದು ಇತಿಹಾಸ. ಅಲ್ಲಿನ ನೀರೂ ಗಾಳಿಯೂ ಸೆರೆಯಾಳುಗಳ ಆರೋಗ್ಯಕ್ಕೆ ಮಾರಕವಾಗಿದ್ದುವೆಂದು ಹಳೆಯ ಬರಹಗಳು ಹೇಳುತ್ತವೆ. ಕೋಟೆಯ ಗೋಡೆ ಕಾಪಾಡಲೂ ಬಲ್ಲದು, ಒಳಗಿರುವವರನ್ನು ಕೊರಗಿಸಲೂ ಬಲ್ಲದು. ಚೌಕಟ್ಟಿನ ಮಾತೂ ಹಾಗೆಯೇ.

ಚಿತ್ರವು ಹಾಳಾಗುವ ಬಗೆ

ಚಿತ್ರಕ್ಕೆ ಕೇಡು ಮುಖ್ಯವಾಗಿ ನಾಲ್ಕು ಕಡೆಗಳಿಂದ ಬರುತ್ತದೆ.

ಮೊದಲನೆಯದು ಹಿಂಬದಿಯ ರಟ್ಟು. ಅಗ್ಗದ ರಟ್ಟನ್ನು ಮರದ ತಿರುಳಿನಿಂದ ಮಾಡಿರುತ್ತಾರೆ. ಕಾಲ ಕಳೆದಂತೆ ಅದರಲ್ಲಿ ಆಮ್ಲ ಹುಟ್ಟಿ ತಾನೂ ಕಂದಿ, ತನ್ನನ್ನು ತಾಗಿದ ಕಾಗದವನ್ನೂ ಕಂದಿಸುತ್ತದೆ. ಹಳೆಯ ಲಗ್ನಪತ್ರಿಕೆಗಳು ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮುರಿಯುವಂತಾಗಲು ಕಾಗದದ ಹುಟ್ಟುಗುಣದ ಜೊತೆಗೆ ಈ ರಟ್ಟಿನ ಸಹವಾಸವೂ ಕಾರಣ.

ಎರಡನೆಯದು ಗಾಜಿನ ಸ್ಪರ್ಶ. ಹಳೆಯ ಛಾಯಾಚಿತ್ರದ ಮೇಲ್ಮೈಯಲ್ಲಿ ಜೆಲಟಿನ್ ಎಂಬ ತೆಳುವಾದ ಪದರವಿರುತ್ತದೆ. ತೇವ ತಗುಲಿದರೆ ಅದು ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಕಬ್ಬಾಳಿನ ಆಸುಪಾಸಿನ ಒಂದು ಹಳ್ಳಿಯ ಮನೆಯಲ್ಲಿ ವಯೋವೃದ್ಧ ತಾಯಿಯೊಬ್ಬರು ನನಗೆ ತಮ್ಮ ಯಜಮಾನರ ಪಟವನ್ನು ತೋರಿಸಿದರು. ಮಳೆಗಾಲದಲ್ಲಿ ನೀರಿಳಿಯುವ ಗೋಡೆಗೆ ಅದನ್ನು ತೂಗುಹಾಕಲಾಗಿತ್ತು. ಹೊಸ ಗಾಜು ಹಾಕಿಸಲೆಂದು ಮಕ್ಕಳು ಪಟವನ್ನು ಬಿಚ್ಚಿದಾಗ ಮುಖದ ಭಾಗವೆಲ್ಲ ಗಾಜಿನೊಡನೆ ಕಿತ್ತುಬಂದಿತ್ತು. “ಅಯ್ಯನವರೇ, ಮೈಮೇಲಿನ ಕೋಟು ಉಳೀತು, ಮುಖ ಉಳೀಲಿಲ್ಲ. ಮೊಮ್ಮಕ್ಕಳಿಗೆ ಇನ್ನೇನು ತೋರಿಸ್ಲಿ?” ಎಂದರು ಆ ತಾಯಿ. ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಅಂಟಿಕೊಂಡ ಚಿತ್ರವನ್ನು ಎಂದಿಗೂ ಎಳೆಯಬಾರದು. ಗಾಜಿನೊಡನೆ ಇರುವಂತೆಯೇ ಅದರ ಚಿತ್ರವನ್ನು ಮೊದಲು ತೆಗೆಸಿ, ಆ ಬಳಿಕ ತಜ್ಞರಿಗೆ ತೋರಿಸಬೇಕು.

ಮೂರನೆಯದು ಬೆಳಕು. ಬೆಳಕು ಮಾಡಿದ ಹಾನಿಯನ್ನು ಯಾರೂ ಸರಿಪಡಿಸಲಾರರು. ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣಾಪತ್ರವನ್ನು 1841ರಿಂದ 1876ರವರೆಗೆ ಅಲ್ಲಿನ ಸರ್ಕಾರಿ ಕಟ್ಟಡವೊಂದರಲ್ಲಿ ಎಲ್ಲರಿಗೂ ಕಾಣಲೆಂದು ಚೌಕಟ್ಟಿನಲ್ಲಿರಿಸಿ, ಕಿಟಕಿಗೆ ಎದುರಾಗಿ ತೂಗುಹಾಕಿದ್ದರು. ಮೂವತ್ತೈದು ವರ್ಷಗಳ ಆ ಬೆಳಕಿಗೆ ಮಸಿ ಬಹಳವಾಗಿ ಮಾಸಿಹೋಯಿತು. ಒಂದು ರಾಷ್ಟ್ರವು ಗೌರವದಿಂದಲೇ ಮಾಡಿದ ಕೆಲಸ ಹೀಗಾಯಿತು! ನಮ್ಮ ಸಂವಿಧಾನದ ಮೂಲಪ್ರತಿಯನ್ನಾದರೋ ದೆಹಲಿಯಲ್ಲಿ ಆಮ್ಲಜನಕ ಸೋಕದಂತೆ ಮುಚ್ಚಿದ ವಿಶೇಷ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬರಲಾಗಿದೆ. ನಮ್ಮ ಮನೆಗಳಿಗೆ ಅಂತಹ ಏರ್ಪಾಡು ಬೇಕಿಲ್ಲ; ಬಿಸಿಲು ಬೀಳದ ಗೋಡೆಯೊಂದನ್ನು ಆರಿಸಿಕೊಂಡರೆ ಅರ್ಧ ಕೆಲಸವಾದಂತೆ.

ನಾಲ್ಕನೆಯದು ನಮ್ಮ ಭಕ್ತಿಯೇ. ಹಿರಿಯರ ಪಟದ ಗಾಜಿಗೆ ವಿಭೂತಿ, ಗಂಧ, ಕುಂಕುಮಗಳನ್ನು ಹಚ್ಚುತ್ತೇವೆ. ಹಸಿ ಹೂವಿನ ಮಾಲೆ ಹಾಕುತ್ತೇವೆ. ಕೆಳಗೆ ಎಣ್ಣೆಯ ದೀಪ, ಊದಿನಕಡ್ಡಿಗಳನ್ನು ಉರಿಸುತ್ತೇವೆ. ದೀಪದ ಕರಿಯೂ ಹೂವಿನ ತೇವವೂ ಚೌಕಟ್ಟಿನ ಸಂದುಗಳಲ್ಲಿ ಇಳಿದು ಬೂಷ್ಟು ಹಿಡಿಸುತ್ತವೆ. ಆ ತೇವಕ್ಕೆ ಕಾಗದ ತಿನ್ನುವ ಹುಳುಗಳೂ ಬರುತ್ತವೆ. ಭಕ್ತಿಯನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಅಂತಹ ಸೇವೆಗೆ ಚಿತ್ರದ ಪ್ರತಿಯೊಂದನ್ನು ಮಾಡಿಸಿ ಇರಿಸಿಕೊಳ್ಳಿರಿ. ಮೂಲಚಿತ್ರವು ಬೆಳಕೂ ತೇವವೂ ಇಲ್ಲದೆಡೆ ಭದ್ರವಾಗಿರಲಿ. ಈಗಂತೂ ಕನಕಪುರ, ರಾಮನಗರ, ಚನ್ನಪಟ್ಟಣಗಳ ಸ್ಟುಡಿಯೋಗಳಲ್ಲಿಯೇ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಬೇಕಾದ ಅಳತೆಗೆ ಮುದ್ರಿಸಿ ಕೊಡುತ್ತಾರೆ.

ಚೌಕಟ್ಟಿನ ಕಾಯಕದವರಿಗೆ ಕೇಳಬೇಕಾದುದು

ಮೂಲಚಿತ್ರವನ್ನೇ ಗೋಡೆಗೆ ಹಾಕಬೇಕೆಂಬ ಮನಸ್ಸಿದ್ದರೆ, ವಸ್ತುವಿನ ಅಳತೆಗೆ ತಕ್ಕಂತೆ ಚೌಕಟ್ಟು ಕಟ್ಟಿಕೊಡುವ ನುರಿತವರಲ್ಲಿಗೆ ಹೋಗಿರಿ. ಖರ್ಚು ಹೆಚ್ಚೇ ಆಗುತ್ತದೆ. ಮದುವೆಯ ಒಂದು ದಿನದ ಹೂವಿನ ಅಲಂಕಾರಕ್ಕೆ ವ್ಯಯಿಸುವ ಹಣವನ್ನು ನೆನೆದರೆ ಇದು ದೊಡ್ಡದೆನಿಸದು. ಅವರೊಡನೆ ಮೊದಲೇ ಮಾತಾಡಿಕೊಳ್ಳಬೇಕಾದ ಸಂಗತಿಗಳು ಇವು:

ಚಿತ್ರಕ್ಕೂ ಗಾಜಿಗೂ ನಡುವೆ ಅಂತರವಿರಬೇಕು. ಚಿತ್ರದ ಸುತ್ತ ಕಿಟಕಿಯಂತೆ ಕತ್ತರಿಸಿದ ದಪ್ಪ ಕಾಗದದ ಮೌಂಟ್ ಹಾಕುವುದು ಚೆಂದಕ್ಕಾಗಿ ಮಾತ್ರವಲ್ಲ; ಗಾಜು ಚಿತ್ರವನ್ನು ತಾಗದಂತೆ ತಡೆಯುವುದೇ ಅದರ ಮುಖ್ಯ ಕೆಲಸ.

ಮೌಂಟೂ ಹಿಂಬದಿಯ ಹಲಗೆಯೂ ಆಮ್ಲರಹಿತವಾಗಿರಬೇಕು. ಹತ್ತಿಯ ನಾರಿನಿಂದ ಮಾಡಿದ್ದು ಎಲ್ಲಕ್ಕಿಂತ ಉತ್ತಮ. ಊರಿನ ಅಂಗಡಿಯಲ್ಲಿ ದೊರೆಯದಿದ್ದರೆ ಬೆಂಗಳೂರಿನಿಂದ ತರಿಸಿಕೊಡಲು ಕೇಳಬಹುದು.

ಚಿತ್ರಕ್ಕೆ ಗೋಂದಾಗಲಿ, ಸೆಲ್ಲೋಟೇಪಾಗಲಿ ಸೋಕಬಾರದು. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯ ಕಲೆಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ನಾಲ್ಕು ಮೂಲೆಗಳಿಗೆ ಕಾಗದದ ಮೂಲೆಚೀಲ ಸಿಕ್ಕಿಸಿದರೆ ಚಿತ್ರ ನಿಲ್ಲುತ್ತದೆ. ಬೇಕೆಂದಾಗ ಹಾನಿಯಿಲ್ಲದೆ ಹೊರತೆಗೆಯಲೂ ಬರುತ್ತದೆ. ಮಾಡಿದ್ದನ್ನು ನಾಳೆ ಬಿಚ್ಚಲು ಬರುವಂತಿರಬೇಕೆಂಬುದು ಈ ಕಾಯಕದ ಧರ್ಮಸೂತ್ರವೆನ್ನಬಹುದು. ಈ ಕಾರಣದಿಂದಲೇ ಮೂಲಚಿತ್ರಕ್ಕೆ ಲ್ಯಾಮಿನೇಷನ್ ಮಾಡಿಸಲೇಬಾರದು. ಶಾಖದಿಂದ ಬೆಸೆದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು.

ನೇರಳಾತೀತ ಕಿರಣಗಳನ್ನು ತಡೆಯುವ ಗಾಜು ದೊರೆತರೆ ಒಳ್ಳೆಯದು. ಆದರೂ ಬಿಸಿಲಿನಿಂದ ದೂರವಿಡುವುದು ತಪ್ಪದು. ಚೌಕಟ್ಟಿನ ಹಿಂಬದಿಯನ್ನು ಕಾಗದದಿಂದ ಪೂರ್ತಿ ಮುಚ್ಚಿಸಿ, ಕೆಳಗಿನ ಎರಡು ಮೂಲೆಗಳಿಗೆ ರಬ್ಬರಿನ ಬಿಲ್ಲೆ ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡುತ್ತದೆ. ಗಾಜನ್ನು ಒರೆಸುವಾಗ ನೀರನ್ನು ಗಾಜಿನ ಮೇಲೆ ಚಿಮುಕಿಸದೆ, ಬಟ್ಟೆಯನ್ನು ಸ್ವಲ್ಪವೇ ಒದ್ದೆಮಾಡಿ ಒರೆಸಿರಿ.

ಬಟ್ಟೆ, ಬೊಂಬೆ, ತಾಡವೋಲೆ

ರಾಮನಗರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಹಾಗಾಗಿ ನಮ್ಮ ಮನೆಗಳಲ್ಲಿ ರೇಷ್ಮೆಗೆ ಬರವಿಲ್ಲ. ಅಜ್ಜಿಯವರ ಸೀರೆ ಮಡಿಕೆಗಳಲ್ಲಿ ಸೀಳಿದ್ದರೆ ಸರಿಯಿರುವ ಸೆರಗನ್ನು ಹತ್ತಿಯ ಬಟ್ಟೆಯ ಮೇಲೆ ಸಣ್ಣ ಹೊಲಿಗೆಯಿಂದ ನಿಲ್ಲಿಸಿ ಚೌಕಟ್ಟು ಹಾಕಿಸಬಹುದು, ಅಂಟಿಸಕೂಡದು. ಚನ್ನಪಟ್ಟಣದ ಅರಗಿನ ಬೊಂಬೆ, ಶಾಲೆಯಲ್ಲಿ ಪಡೆದ ಪದಕ, ಅಜ್ಜನವರ ಕನ್ನಡಕ ಇಂತಹವಕ್ಕೆ ಆಳವಾದ ಪೆಟ್ಟಿಗೆಯಂತಹ ಚೌಕಟ್ಟನ್ನು ಮಾಡಿಕೊಡುವವರಿದ್ದಾರೆ.

ತಾಡವೋಲೆಗಳಿಗೆ ಮಾತ್ರ ಚೌಕಟ್ಟು ಸಲ್ಲದು. ಗೋಡೆಗೆ ಹಾಕಿದ ಗರಿ ಬೆಳಕಿಗೆ ಒಣಗಿ ಸೀಳುತ್ತದೆ. ಮೇಲಾಗಿ ಒಂದು ಗರಿಯನ್ನು ಬಿಡಿಸಿ ತೂಗುಹಾಕಿದರೆ ಗ್ರಂಥವೇ ಭಿನ್ನವಾದಂತೆ. ಎರಡು ಹಲಗೆಗಳ ನಡುವೆ ಕಟ್ಟಿ, ಶುದ್ಧ ಹತ್ತಿಬಟ್ಟೆಯಲ್ಲಿ ಸುತ್ತಿ ಇಡುವ ಹಿರಿಯರ ಪದ್ಧತಿಯೇ ಸರಿ. ಅದನ್ನು ಓದಬಲ್ಲವರಿಗೆ ಒಮ್ಮೆ ತೋರಿಸಿ, ಪುಟಪುಟಗಳ ಚಿತ್ರ ತೆಗೆಸಿಡಿರಿ.

ಹೆಸರಿಲ್ಲದ ಮುಖಗಳು

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಅದಕ್ಕೆ ಹಣ ಬೇಕಿಲ್ಲ. ಸಿದ್ಧಗಂಗೆಯ ಲಿಂಗೈಕ್ಯ ಡಾ. ಶಿವಕುಮಾರ ಸ್ವಾಮಿಗಳವರು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದವರು. 2019ರಲ್ಲಿ ಲಿಂಗೈಕ್ಯರಾಗುವವರೆಗೆ ತಲೆತಲಾಂತರದ ವಿದ್ಯಾರ್ಥಿಗಳು ಅವರ ಆಶ್ರಯದಲ್ಲಿ ಓದಿದರು. ಅಂತಹವರ ಮನೆಗಳಲ್ಲಿ ಪೂಜ್ಯರು ನಡುವೆ ಕುಳಿತು, ಹುಡುಗರು ಸಾಲಾಗಿ ನಿಂತಿರುವ ಚಿತ್ರವೊಂದಿದ್ದರೆ, ನಡುವಿನ ಆ ಮುಖವನ್ನು ನಾಡೇ ಬಲ್ಲದು. ಎರಡನೆಯ ಸಾಲಿನ ಕೊನೆಯ ಹುಡುಗನನ್ನು ಬಲ್ಲವರು ಯಾರು? ಅವನು ಯಾವುದೋ ಮನೆಯ ಅಜ್ಜ. ಅವನ ಗುರುತು ಹಿಡಿಯಬಲ್ಲ ಒಬ್ಬಿಬ್ಬರು ಹಿರಿಯರು ಇಂದು ಇದ್ದಾರೆ. ನಾಳೆಯ ಮಾತನ್ನು ಯಾರು ಬಲ್ಲರು?

ಆದುದರಿಂದ ಚೌಕಟ್ಟು ಹಾಕಿಸುವ ಮುನ್ನ ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿರಿ. ಚಿತ್ರದಲ್ಲಿರುವವರ ಹೆಸರು, ಊರು, ಸಂಬಂಧ, ಸುಮಾರು ಯಾವ ವರ್ಷ ಎಂಬುದನ್ನು ಕೇಳಿ ಬರೆದುಕೊಳ್ಳಿರಿ. ಚಿತ್ರದ ಹಿಂದೆ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಗೆರೆ ಮುಂದಕ್ಕೆ ಮೂಡುತ್ತದೆ. ಬೇರೆ ಒಳ್ಳೆಯ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬರೆದು, ಚೌಕಟ್ಟಿನ ಹಿಂಬದಿಯಲ್ಲಿ ಒಂದು ಲಕೋಟೆಯೊಳಗಿರಿಸಿರಿ. ಬರೆಯುವ ಕೆಲಸವನ್ನು ಮಕ್ಕಳಿಗೇ ವಹಿಸಿದರೆ ಮತ್ತೂ ಲೇಸು. ಅಕ್ಷರ ಕೊಂಕಾದರೂ ಚಿಂತೆಯಿಲ್ಲ, ಹೆಸರು ಅವರ ಮನಸ್ಸಿನಲ್ಲಿ ನಿಲ್ಲುತ್ತದೆ.

ಬರುವ ಹಬ್ಬಕ್ಕೆ ಮನೆ ಸುಣ್ಣ ಮಾಡಿಸುವಾಗ ಗೋಡೆಯ ಪಟಗಳನ್ನೆಲ್ಲ ಹೇಗೂ ಕೆಳಗಿಳಿಸುತ್ತೀರಿ. ಅವನ್ನು ಅದೇ ಮೊಳೆಗೆ ಮರಳಿ ಸಿಕ್ಕಿಸುವ ಮುನ್ನ ಒಂದೊಂದನ್ನೂ ತಿರುಗಿಸಿ ನೋಡಿರಿ. ಹಿಂಬದಿಯ ರಟ್ಟು ಕಂದಿದೆಯೇ, ಚಿತ್ರ ಗಾಜಿಗೆ ತಾಗಿದೆಯೇ, ಹೆಸರು ಬರೆದಿದೆಯೇ ಎಂದು ಪರೀಕ್ಷಿಸಿರಿ. ಈ ವರ್ಷ ಒಂದು ಚಿತ್ರವನ್ನಾದರೂ ಸರಿಯಾಗಿ ಕಾಪಾಡಿಟ್ಟರೆ ನಿಮ್ಮ ಮನೆತನಕ್ಕೆ ಅದು ದೊಡ್ಡ ಸೇವೆಯೇ ಸರಿ.